ಆಯಿಗೆ ಹಾಡದೆ ಹೋದ ಪದ

ಕುಷ್ಟಗಿಯ ನಮ್ಮ ಓಣಿಯಲ್ಲಿ ಯಾರು ತೀರಿಕೊಂಡರೂ ಹೆಣದ ಮುಂದೆ ಭಜನೆಯಾಗಬೇಕು, ಭಜನೆಗೆ ನಾನಿರಬೇಕು. ಈ ಮಾತಿನಲ್ಲಿ ಜಂಬವಿದೆ, ಗೊತ್ತು. ಪಕ್ಕದ ಮನೆಯ ಆಯಿ ಪ್ರತಿ ಸೋಮವಾರ ಗುಡಿಯ ಕಂಬಕ್ಕೆ ಒರಗಿ ಕೂತು, ನನ್ನಿಂದ ಒಂದೇ ಪದವನ್ನು ಕೇಳಿ ಹಾಡಿಸಿಕೊಳ್ಳುತ್ತಿದ್ದಳು. "ನಾ ಹೋದ ದಿನಾನೂ ಇದನ್ನ ಹಾಡಬೇಕ್ ನೋಡ್ ತಮ್ಮಾ," ಅನ್ನುವಳು. "ನೀ ಮೊದಲ ಹೋಗ್ ಆಯಿ, ಆಮ್ಯಾಲೆ ನೋಡೂಣು," ಎಂದು ಕಾಡಿಸಿದರೆ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಹೋಗಿಯೇಬಿಟ್ಟಳು. ಅವಳ ಮಗ ನಮ್ಮ ಬಾಗಿಲಿಗೆ ಬಂದಾಗ ನಾನು ಗಂಗಾವತಿಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದೆ. ಅಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಗೆಳೆಯ ಎರಡು ದಿನಕ್ಕೆ ಲಾಡ್ಜ್ ಹಿಡಿದಿದ್ದ. ಆಂಧ್ರದ ಊಟ, ತಣ್ಣನೆಯ ಬಿಯರು, ಹೊಸ ಹೋಟೆಲಿನ ಅಂಗಳದಲ್ಲಿ ಹಾಡುವ ಬ್ಯಾಂಡು. ತಿಂಗಳಿಂದ ನನಗೆ ಅದೇ ಕನಸು.

"ಅವ್ವ ಹೋದ್ಳರಿ ಅಣ್ಣಾರ. ನೀವು ಬಂದ್ ಹಾಡಬೇಕ್ರಿ."

ಕೈ ತಾನಾಗಿ ಗಂಟಲ ಮೇಲೆ ಹೋಯಿತು. ಎಲ್ಲಿಂದ ಬಂತೋ ಆ ಬುದ್ಧಿ! "ಗಂಟಲಾ ಪೂರ್ತಿ ಕಟ್ಟೇತಿ," ಎಂದು ಒಡಕು ದನಿಯಲ್ಲಿ ಉಸುರಿದೆ, "ಗಂಗಾವತಿ ದವಾಖಾನಿಗೆ ಹೊಂಟೀನಿ." ಹೆಂಡತಿ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಹಂಗಾರ ಮಾತಾಡಬ್ಯಾಡ್ರಿ, ತ್ರಾಸ್ ಆಗ್ತೈತಿ," ಎಂದ ಅವನು. ತಾಯಿ ಸತ್ತವನು ನನಗೇ ಸಮಾಧಾನ ಹೇಳಿ ಹೋದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪರಿಚಯದವರು ಯಾರಾದರೂ ಹತ್ತಿಯಾರೆಂದು ತಾವರಗೇರಾ ದಾಟುವವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡಿದ್ದೆ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಚೆನ್ನಾಗಿ ಹಸಿವಾಯಿತು.

ಊಟವೂ ಚೆನ್ನಾಗಿಯೇ ಇತ್ತು. ಹೊಳೆಮೀನಿನ ಖಾರಕ್ಕೆ ಬೆವರುತ್ತ, ಬಿಯರು ಕುಡಿಯುತ್ತ ಕೂತೆವು. ನಾಲ್ಕು ಗಂಟೆಗೆ ಬ್ಯಾಂಡು ಶುರುವಾಯಿತು. ಮೂರನೆಯ ಗ್ಲಾಸಿನ ಹೊತ್ತಿಗೆ ಗೆಳೆಯ ಎದ್ದು ನಿಂತು, "ನಮ್ಮ ಮಂದ್ಯಾಗೂ ಒಬ್ಬ ಗವಾಯಿ ಅದಾನ್ರಿ!" ಎಂದು ಕೂಗಿದ. ಮೈಕು ನನ್ನ ಕೈಗೆ ಬಂತು. ನನಗೆ ಸಿನಿಮಾ ಹಾಡು ಬಾರದು. ಬಾಯಿಗೆ ಬಂದದ್ದು ಆಯಿಯ ಪದವೇ. ಬ್ಯಾಂಡಿನವರು ಅದಕ್ಕೆ ಡ್ರಮ್ಮು ಬಾರಿಸಿದರು, ಗಿಟಾರು ಕೂಡಿಸಿದರು, ಜನ ಎದ್ದು ಕುಣಿದರು. ನನ್ನ ದನಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಅದೇ ಹೊತ್ತಿಗೆ ಊರಲ್ಲಿ ಅವಳ ಮಣ್ಣು ನಡೆದಿತ್ತು. ನನಗೆ ಗೊತ್ತಿತ್ತು. ಇನ್ನೊಮ್ಮೆ ಹಾಡಿ ಎಂದರು, ಹಾಡಿದೆ.

ಭಾನುವಾರ ಮಧ್ಯಾಹ್ನ ಮನೆಗೆ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ, ಅವಳ ಮಗ ಮುಚ್ಚಿದ ತಂಬಿಗೆ ಹಿಡಿದು ಬಂದ.

"ಮೆಣಸು, ಶುಂಠಿ ಹಾಕಿದ ಕಷಾಯ ಐತ್ರಿ. ಸತ್ತ ಮನಿ, ನಾವು ಒಲಿ ಹಚ್ಚಂಗಿಲ್ಲಲ್ರಿ, ಮೂಲಿ ಮನ್ಯಾಗ ಕಾಸಿಸ್ಕೊಂಡ್ ಬಂದೀನಿ. ಅವ್ವಗ ನಿಮ್ ದನಿ ಅಂದ್ರ ಜೀವ ಇತ್ತು. ನೀವಿಲ್ಲ ಅಂತ ಆ ಪದಾ ಯಾರ್ ಕಡಿಂದಾನೂ ಹಾಡಸಲಿಲ್ರಿ. ಈಗ ಹೆಂಗೈತ್ರಿ ಅಣ್ಣಾರ ಗಂಟಲಾ?"

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ತಂಬಿಗೆ ಇನ್ನೂ ಬಿಸಿಯಿತ್ತು. ಹೆಂಡತಿ ಎದ್ದು ಒಳಗೆ ಹೋದಳು. ನಾನು ಮತ್ತೆ ಗಂಟಲ ಮೇಲೆ ಕೈಯಿಟ್ಟು, ಅದೇ ಒಡಕು ದನಿ ತೆಗೆದು, "ಇನ್ನೂ ಬಿಟ್ಟಿಲ್ಲಪಾ," ಎಂದೆ.