ಎಲ್ಲರೂ ‘ಆಯ್ತು’ ಅಂದ ತರಗತಿ

ನನ್ನ ಹುದ್ದೆ ಗೃಹಿಣಿ, ಸ್ಥಳ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು. ಈ ಕೆಲಸಕ್ಕೆ ವರ್ಗಾವಣೆಯಿಲ್ಲ, ನಿವೃತ್ತಿಯಿಲ್ಲ. ಪರೀಕ್ಷೆ ಮಾತ್ರ ಆಗಾಗ ಬರುತ್ತದೆ. ಎರಡು ವರ್ಷದ ಹಿಂದೆ ಮಗಳು ಸೌಮ್ಯ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಬಂದದ್ದು ಅಂಥ ಒಂದು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ಫೇಲಾದಳು. ಉಳಿದ ವಿಷಯಗಳು ಪಾಸಾಗಿದ್ದವು, ಅದು ಮಾದಪ್ಪನ ದಯೆ. ಆದರೆ ನಮ್ಮತ್ತೆ, “ಫೈನಲ್‌ನಲ್ಲೂ ಹಿಂಗೇ ಆದ್ರೆ ಗಂಡು ನೋಡೋದೇಯ” ಎಂದುಬಿಟ್ಟರು.

ಪಕ್ಕದ ಮನೆಯ ಗೌರಕ್ಕನ ಮಗಳು ಸೌಮ್ಯಳದೇ ತರಗತಿ, ಟ್ಯೂಷನ್‌ಗೆ ಹೋಗುತ್ತಿದ್ದಳು. ಗೌರಕ್ಕ ಹೂ ಕಟ್ಟುತ್ತಾ ಹೇಳಿದರು: “ಸ್ಕೂಲಲ್ಲಿ ಪೂರ್ತಿ ಯೋಳ್ಕೊಡಕಿಲ್ಲ ಕಣವ್ವ. ಟ್ಯೂಷನ್‌ಗೆ ಬರ್ಲಿ ಅಂತ ಅರ್ಧ ಮಡಿಕತರೆ.”

ಹಾಲಿಗೆ ಹುಳಿ ಬಿದ್ದಂತಾಯಿತು. ಆಮೇಲೆ ಗಣಿತದ ಮೇಡಂ ಬಸ್ಸಿನಲ್ಲಿ ಸಿಕ್ಕಿ ನಕ್ಕರೂ, ಆ ನಗುವಿನಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅನ್ನಿಸುತ್ತಿತ್ತು.

ಒಂದು ಸೋಮವಾರ ಪೂಜೆ ಮುಗಿಸಿ ಶಾಲೆಗೇ ಹೋದೆ. “ಮೇಡಂ, ನೀವು ಮನೇಲಿ ಪಾಠ ಮಾಡ್ತೀರಾ?”

“ಇಲ್ಲಮ್ಮ. ಅನುಮಾನ ಇದ್ರೆ ಬಾಗಿಲ ಹತ್ರ ಕೂತು ನೋಡಿ.”

ಕೂತೆ. ತ್ರಿಕೋನಮಿತಿಯ ಲೆಕ್ಕ. ಏನನ್ನೂ ಬಚ್ಚಿಟ್ಟುಕೊಂಡಂತೆ ಕಾಣಲಿಲ್ಲ. ಮೇಡಂ ತಿರುಗಿ “ಅರ್ಥ ಆಯ್ತಾ?” ಎಂದರು. ಸೀಮೆಸುಣ್ಣ ಕೆಳಗಿಡುವ ಮೊದಲೇ ಇಡೀ ತರಗತಿ “ಆಯ್ತು ಮೇಡಂ” ಎಂದಿತು. ಹೆಚ್ಚಿನವರು ಟ್ಯೂಷನ್‌ಗೆ ಹೋಗುವವರು, ಅಲ್ಲಿ ಒಂದು ಪಾಠ ಮುಂದೆಯೇ ನಡೆದಿರುತ್ತದೆ. ಆ ಮಕ್ಕಳಿಗೆ ಇದು ಹಳೆಯ ಲೆಕ್ಕ. ಮೇಡಂ ಮುಂದಿನದಕ್ಕೆ ಹೋದರು.

ಸೌಮ್ಯಳ ತುಟಿಯೂ ಆಡಿತ್ತು. ಆ ತುಟಿಯಾಟ ನನಗೆ ಚೆನ್ನಾಗಿ ಗೊತ್ತು. ಭಜನೆಯಲ್ಲಿ ಸಾಲು ಬಾರದಿದ್ದಾಗ ನಾನೂ ಹಾಗೆಯೇ ಬಾಯಾಡಿಸುತ್ತೇನೆ.

ಸಂಜೆ ಕೇಳಿದೆ: “ಆಯ್ತು ಅಂದಲ್ಲ, ಏನಾಯ್ತು ಯೋಳು.”

“ಏನೂ ಆಗ್ಲಿಲ್ಲ ಕಣಮ್ಮ. ನಾನೊಬ್ಳೇ ಇಲ್ಲ ಅಂದ್ರೆ ನಗ್ತರೆ.”

“ನಗ್ಲಿ ಬುಡು. ನಾಳೆ ಇಲ್ಲ ಅನ್ನು. ಇಲ್ದಿದ್ರೆ ನಾನೇ ಬಂದು ಬಾಗ್ಲಲ್ಲಿ ಕೂತ್ಕತೀನಿ.”

ನಗುವಿಗಿಂತ ಅವಳಿಗೆ ಅದೇ ಹೆಚ್ಚು ಹೆದರಿಕೆ. ಮರುದಿನ ಎದ್ದು ನಿಂತು “ನಂಗೆ ಆಗ್ಲಿಲ್ಲ ಮೇಡಂ” ಎಂದಳಂತೆ. ಮಕ್ಕಳೆಲ್ಲ ನಕ್ಕರಂತೆ. ಮೇಡಂ ಮೊದಲಿನಿಂದ ಬಿಡಿಸಿ, ಮತ್ತೆ ಕೇಳಿದಾಗ ಇನ್ನೊಂದು ಕೈ ಮೇಲೆದ್ದಿತು. ಅದು ಗೌರಕ್ಕನ ಮಗಳದು.

“ಅವ್ಳಿಗೂ ಬಂದಿರ್ನಿಲ್ವಂತೆ ಕಣಮ್ಮ. ಟ್ಯೂಷನ್ನಲ್ಲೂ ಎಲ್ರೂ ಆಯ್ತು ಸಾರ್ ಅಂತರಂತೆ.”

ಸೌಮ್ಯ ಟ್ಯೂಷನ್‌ಗೆ ಹೋಗದೆಯೇ ಪಾಸಾದಳು, ದೊಡ್ಡ ಅಂಕವೇನಲ್ಲ. ಈಗ ಗುಂಡ್ಲುಪೇಟೆಯಲ್ಲಿ ಪಿಯುಸಿ. ಗಂಡಿನ ಮಾತು ನಿಂತಿದೆ, ಅಷ್ಟು ಸಾಕು. ಟ್ಯೂಷನ್ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ಅನುಮಾನವನ್ನೂ ಬಿಟ್ಟಿಲ್ಲ, ಅದರ ಜಾಗ ಬದಲಿಸಿದ್ದೇನೆ: ಯಾರಾದರೂ ತಟ್ಟನೆ “ಆಯ್ತು” ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಮುಖ ನೋಡುತ್ತೇನೆ.

ಮೊನ್ನೆ ಭಜನೆಯಲ್ಲಿ ಸಾಲು ತಪ್ಪಿತು. ಜೋರಾಗಿ ಹಾಡುತ್ತಿದ್ದ ಗೌರಕ್ಕನನ್ನೇ ಮೆಲ್ಲಗೆ ಕೇಳಿದೆ.

“ನಂಗೂ ಗೊತ್ತಿಲ್ಲ ಕಣವ್ವ” ಎಂದರು.