ಪೆಟ್ಟಿಗೆಯ ಮೌನ ಕೇಳುವ ಇಂದುಮತಿ

ಬೆಳಗಿನ ಐದು ಗಂಟೆ. ಲೇಕ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿರುವ ಕೋಣೆಯಲ್ಲಿ, ಇಂದುಮತಿ ಕುಲಕರ್ಣಿ ಕಣ್ಣು ಮುಚ್ಚಿ ಕೂತಿದ್ದಾರೆ. ಮೈಮೇಲೆ ಕಂದು ಶಾಲು, ತಲೆಯ ಮೇಲೆ ದೊಡ್ಡ ಹೆಡ್‌ಫೋನ್. ಅದರ ತಂತಿ ಮೇಜಿನ ಮೇಲಿನ ಅಲ್ಯೂಮಿನಿಯಂ ಪೆಟ್ಟಿಗೆಯೊಂದಕ್ಕೆ ಹೋಗಿದೆ. ಯಾವ ಹಾಡು ಎಂದು ಕೇಳುತ್ತೇನೆ. ಅವರು ಕಣ್ಣು ತೆರೆಯುವುದಿಲ್ಲ.

"ಹಾಡು ಹಚ್ಚೇ ಇಲ್ರೀ. ಈ ಪೆಟಗಿಗೆ ಸುಮ್ಮ ಕೂಡಲಿಕ್ಕೆ ಬರ್ತದೋ ಇಲ್ಲೋ ನೋಡ್ಲಿಕತ್ತೀನಿ."

ಇವತ್ತು ಬಂದ್. ಕರೆ ಕೊಟ್ಟವರು ಯಾರು, ಯಾಕೆ ಎಂದು ಈ ಬಂಗಾಳಿ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೀನು ನಿನ್ನೆಯೇ ತಂದಿಟ್ಟುಕೊಂಡು ಮಲಗುತ್ತಾರೆ. ಟ್ರಾಮ್ ಇಲ್ಲ, ಬಸ್ಸಿಲ್ಲ, ಜನವರಿಯ ಮಂಜಿನಲ್ಲಿ ರಾಸ್‌ಬಿಹಾರಿ ಅವೆನ್ಯೂ ಇನ್ನೂ ಕನಸಿನಲ್ಲಿದೆ. ಕೆಂಪು ಬಾವುಟಗಳು ಸಹ ತೇವಕ್ಕೆ ಜೋತು ಬಿದ್ದಿವೆ. ಊರಿಗೆಲ್ಲ ರಜೆ, ಇಂದುಮತಿಯವರಿಗೆ ಮಾತ್ರ ಕೈತುಂಬ ಕೆಲಸ. ಇಷ್ಟು ನಿಶ್ಶಬ್ದ ವರ್ಷಕ್ಕೆ ನಾಲ್ಕೈದು ಸಲ ಸಿಕ್ಕರೆ ಹೆಚ್ಚು.

ಅವರ ಕೆಲಸ ಹೆಡ್‌ಫೋನ್ ಆಂಪ್ಲಿಫೈಯರ್ ಆರಿಸಿಕೊಡುವುದು. ನಾನೂ ನಕ್ಕಿದ್ದೆ, ನೀವೂ ನಗಬಹುದು. ಆದರೆ ದೊಡ್ಡ ಹೆಡ್‌ಫೋನುಗಳಿಗೆ ಮಾಮೂಲಿ ಪ್ಲೇಯರಿನ ಬಲ ಸಾಲದು, ದನಿ ಬಡಕಲಾಗುತ್ತದೆ. ಸಂಗೀತದ ಹುಚ್ಚು ಹಿಡಿದವರು ನಡುವೆ ಇಂಥ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಗದುಗಿನ ಕಲ್ಲಪ್ಪ ಅದನ್ನು ಕೈಯಿಂದಲೇ ಕಟ್ಟುತ್ತಾರೆ. ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಒಂದು ಪೆಟ್ಟಿಗೆಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು. ಯಾರ ಹೆಡ್‌ಫೋನಿಗೆ ಯಾವ ಪೆಟ್ಟಿಗೆ ಒಗ್ಗುತ್ತದೆ ಎಂಬ ಕೊನೆಯ ಮಾತು ಇಂದುಮತಿಯವರದು. ಪೆಟ್ಟಿಗೆಯ ಮೇಲೆ ಕಲ್ಲಪ್ಪನ ಹೆಸರಿದೆ, ಇವರದು ಎಲ್ಲೂ ಇಲ್ಲ.

ಧಾರವಾಡದಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಇಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ, ದೂರದೂರಿನ ಕರೆ ಜೋಡಿಸುವ ಟ್ರಂಕ್ ಆಪರೇಟರ್ ಆಗಿ ಬಂದವರು ಇಪ್ಪತ್ತೆಂಟು ವರ್ಷ ದುಡಿದರು. ಒಂದು ಪಾಳಿಗೆ ಇನ್ನೂರಕ್ಕೂ ಹೆಚ್ಚು ಕರೆ. ಲೋಡ್‌ಶೆಡ್ಡಿಂಗಿನ ಕಾಲದಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಗುವಾಹಟಿಯನ್ನೂ ಮದರಾಸನ್ನೂ ಜೋಡಿಸಿದ್ದಾರೆ. ಆಮೇಲೆ ಜನ ತಾವೇ ನಂಬರ್ ತಿರುಗಿಸತೊಡಗಿದರು, ಬೋರ್ಡು ಮುಚ್ಚಿತು. ಕಿವಿಗೆ ಕೆಲಸವಿಲ್ಲದೆ ಎರಡು ವರ್ಷ ತಲೆ ಭಾರವಾಗಿತ್ತು ಎನ್ನುತ್ತಾರೆ. ಕಲ್ಲಪ್ಪನ ಈ ಅಂಗಡಿಗೆ ರೇಡಿಯೋ ರಿಪೇರಿಗೆ ಬಂದಾಗ, ಮೇಜಿನ ಮೇಲಿದ್ದ ಪೆಟ್ಟಿಗೆಯಲ್ಲಿ ಸಣ್ಣ ಗುಂಯ್ ಇದೆ ಎಂದರಂತೆ. ಕಲ್ಲಪ್ಪನಿಗೆ ಅದು ಕೇಳಿರಲಿಲ್ಲ. ಬಿಚ್ಚಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಸಡಿಲವಾಗಿತ್ತು.

ಕೊಳ್ಳಲು ಬಂದವರನ್ನು ಅವರು ಮೊದಲು ಹಾಡಿಲ್ಲದೆ ಕೂರಿಸುತ್ತಾರೆ. ಎರಡು ಪೆಟ್ಟಿಗೆ ಹೋಲಿಸುವಾಗ ಮೀಟರ್ ಹಿಡಿದು ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ಚೆಂದವೆಂದು ಕಿವಿ ಮೋಸ ಹೋಗುತ್ತದಂತೆ. ಕೊನೆಗೆ ಮೈಕಿನಲ್ಲಿ ಹಳೆಯ ಟ್ರಂಕ್ ನಂಬರುಗಳನ್ನು ಓದುತ್ತಾರೆ. ಅಂಕಿಗಳ ನಡುವೆ ಉಸಿರು ಕೇಳಿದರೆ ಪೆಟ್ಟಿಗೆ ಪಾಸು.

ಹೋದ ದುರ್ಗಾಪೂಜೆಯ ಹೊತ್ತಿಗೆ ಒಂದು ಎಡವಟ್ಟಾಯಿತು. ಪೆಟ್ಟಿಗೆಯೊಂದರ ಎಡಬದಿ ಮಂಕು ಎಂದು ಅವರು ವಾಪಸು ಮಾಡಿದರು. ಕಲ್ಲಪ್ಪ ಹನ್ನೊಂದು ದಿನ ಕೂತು ಟ್ರಾನ್ಸ್‌ಫಾರ್ಮರ್ ಮತ್ತೆ ಸುತ್ತಿದರು. ಆದರೂ ಮಂಕು. ಅದೊಂದು ದಿನ ಅವಸರದಲ್ಲಿ ಇಂದುಮತಿ ಹೆಡ್‌ಫೋನ್ ಎಡಬಲ ಅದಲುಬದಲಾಗಿ ಹಾಕಿಕೊಂಡರು. ಮಂಕು ಎಡಗಡೆಯೇ ಉಳಿದಿತ್ತು; ಪೆಟ್ಟಿಗೆಯ ದೋಷವಾಗಿದ್ದರೆ ಬಲಕ್ಕೆ ಹೋಗಬೇಕಿತ್ತು. ಎಕ್ಸ್‌ಚೇಂಜಿನಲ್ಲಿ ಬಲಗೈಗೆ ಚೀಟಿ ಬರೆಯುವ ಕೆಲಸ, ಹಾಗಾಗಿ ಹೆಡ್‌ಸೆಟ್ಟಿನ ಒಂಟಿ ಬಟ್ಟಲು ಸದಾ ಎಡಗಿವಿಗೆ. ಇಪ್ಪತ್ತೆಂಟು ವರ್ಷದ ಸದ್ದೆಲ್ಲ ಆ ಒಂದೇ ಕಿವಿಯಲ್ಲಿ ಕೂತಿತ್ತು.

ಅವತ್ತೇ ಅವರು ಒಂದು ಕಟ್ಟಳೆ ಮಾಡಿಕೊಂಡರು. ತಿಂಗಳಿಗೊಮ್ಮೆ ತಮಗೇ ಪರೀಕ್ಷೆ. ಬೆನ್ನು ತಿರುಗಿಸಿ ಕೂರುತ್ತಾರೆ. ಕಲ್ಲಪ್ಪ ಹತ್ತು ಸಲ, ಮನಸ್ಸಿಗೆ ಬಂದಂತೆ, ಎರಡರಲ್ಲಿ ಒಂದು ಪೆಟ್ಟಿಗೆಗೆ ತಂತಿ ಹಾಕುತ್ತಾರೆ. ಯಾವುದೆಂದು ಹೇಳಬೇಕು. ಸರಿಯಾದರೆ ಹುಣಸೆ ಬೀಜ ಹಿತ್ತಾಳೆ ಬಟ್ಟಲಿಗೆ, ತಪ್ಪಾದರೆ ತಗಡಿನ ಡಬ್ಬಿಯ ಮುಚ್ಚಳಕ್ಕೆ. ಎಂಟಕ್ಕಿಂತ ಕಡಿಮೆಯಾದರೆ ಅಂದಿಗೇ ಕೆಲಸ ಬಿಡುವುದು.

ಆ ಪರೀಕ್ಷೆ ಇವತ್ತು. ಜಾದವ್‌ಪುರದಿಂದ ಮಂಜಿನಲ್ಲಿ ನಡೆದೇ ಬಂದ ಪ್ರಾಣೇಶರೂ ಕಾದು ಕೂತಿದ್ದಾರೆ. ಮೈಸೂರಿನವರು, ಕೇಂದ್ರ ಸರ್ಕಾರದ ನಿವೃತ್ತ ನೌಕರರು. ಎದೆಗವಚಿಕೊಂಡ ಚೀಲದಲ್ಲಿ ಹೊಸ ಹೆಡ್‌ಫೋನ್ ಇದೆ. ಹಳೆಯ ಕಾಲದ ಗಾಜಿನ ವಾಲ್ವಿನ ಪೆಟ್ಟಿಗೆಯೋ ಟ್ರಾನ್ಸಿಸ್ಟರಿನದೋ, ಇಂದುಮತಿಯವರು ಹೇಳಿದ್ದನ್ನು ಕಣ್ಣುಮುಚ್ಚಿ ಒಯ್ಯುತ್ತಾರಂತೆ.

ಸಿತಾರಿನ ಒಂದೇ ತುಣುಕು ಮತ್ತೆ ಮತ್ತೆ. ಇಂದುಮತಿ ಹೆಡ್‌ಫೋನ್ ಸರಿಸಿ "ವಾಲ್ವ್" ಅನ್ನುತ್ತಾರೆ. ಹಿತ್ತಾಳೆ ಟಣ್ ಎನ್ನುತ್ತದೆ. ಐದು ಬೀಜ ಬಟ್ಟಲಿಗೆ ಬಿದ್ದವು. ಆರನೆಯ ಉತ್ತರಕ್ಕೆ ಕಲ್ಲಪ್ಪನ ಕೈ ಮುಚ್ಚಳದ ಕಡೆ ಹೋಗಿದ್ದು, ಗಾಳಿಯಲ್ಲಿ ನಿಂತು, ಬಟ್ಟಲಿನ ಕಡೆ ತಿರುಗಿತು. ನಾನು ನೋಡಿದೆ. ಆಮೇಲೆ ಎರಡು ಬೀಜ ತಗಡಿಗೆ, ಎರಡು ಹಿತ್ತಾಳೆಗೆ. ಬಟ್ಟಲಿನಲ್ಲಿ ಎಂಟು. ಪ್ರಾಣೇಶರು ಚಪ್ಪಾಳೆ ತಟ್ಟಿಯೇಬಿಟ್ಟರು.

ಇಂದುಮತಿ ತಿರುಗಿ ಕೂತರು. "ಆರನೇದು ತಪ್ಪಿತ್ತಲ್ಲೋ, ಕಲ್ಲಪ್ಪ?"

ಕಲ್ಲಪ್ಪ ಬೀಜಗಳನ್ನೇ ನೋಡುತ್ತಿದ್ದರು. "ನಿಮಗ ಹೆಂಗ ಗೊತ್ತಾತ್ರಿ, ಅಕ್ಕಾರ?"

"ಬೀಜ ಬೀಳೂದು ತಡಾ ಆತು. ನೀ ಉಸಿರು ಹಿಡದಿದ್ದಿ."

ಆ ಕಿವಿಗೆ ಇನ್ನೂ ಇಷ್ಟು ಕೇಳುತ್ತದೆಂದು ಹಿಗ್ಗಬೇಕೋ, ಕೇಳದೆ ಇದ್ದಿದ್ದರೆ ಚೆನ್ನಾಗಿತ್ತೆಂದು ಮರುಗಬೇಕೋ ನನಗೆ ತಿಳಿಯಲಿಲ್ಲ. ಒಂದು ಬೀಜದ ಮಾತಷ್ಟೇ ಎಂದು ಪ್ರಾಣೇಶರು ಸಮಾಧಾನ ಹೇಳಿದರು, ಬಂದ್ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದು ಕಲ್ಲಪ್ಪ ವಾದಿಸಿದರು. ಇಂದುಮತಿ ಎಲ್ಲ ಕೇಳಿಸಿಕೊಂಡು, ಎದ್ದು, ತಮ್ಮ ಕುರ್ಚಿಯಲ್ಲಿ ಪ್ರಾಣೇಶರನ್ನು ಕೂರಿಸಿ ತಾವು ಪಕ್ಕದ ಸ್ಟೂಲಿಗೆ ಬಂದರು.

"ಇನ್ನ ನಿಮ್ಮ ಪೆಟಗಿ ನೀವ ಆರಿಸ್ರಿ. ಕೇಳೂದು ಹೆಂಗಂತ ಅಷ್ಟ ಹೇಳಿಕೊಡ್ತೀನಿ. ಮೊದಲ ಹಾಡು ಬ್ಯಾಡ, ಸುಮ್ಮ ಕೂಡ್ರಿ."

ಪ್ರಾಣೇಶರು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಬಾಗಿಲ ಸಂದಿಯಿಂದ ಮಂಜು ಒಳಗೆ ಬರುತ್ತಿತ್ತು, ದೂರದಲ್ಲೆಲ್ಲೋ ಒಂದು ಸೈಕಲ್ ಗಂಟೆ. ಎರಡೂ ಪೆಟ್ಟಿಗೆಗಳನ್ನು ಎರಡೆರಡು ಸಲ ಕೇಳಿ, ಅಂಜುತ್ತಂಜುತ್ತ ಟ್ರಾನ್ಸಿಸ್ಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಇಂದುಮತಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹೆಡ್‌ಫೋನಿನ ತಂತಿ ನೀಟಾಗಿ ಸುತ್ತಿ ಅವರ ಕೈಗೆ ಕೊಟ್ಟರು.

ಹೊರಡುವಾಗ, ಬೇಸರವಿಲ್ಲವೇ ಎಂದು ಇಂದುಮತಿಯವರನ್ನು ಕೇಳಿದೆ. ಇದೆ, ಯಾಕಿರಬಾರದು ಎಂದರು. ನಾಳೆಯೂ ಬರುತ್ತಾರಂತೆ, ಕಲಿಸಲು; ಒಳ್ಳೆಯ ಕಿವಿಯವರು ಯಾರಾದರೂ ಸಿಕ್ಕರೆ ಸಾಕಂತೆ. ಮೆಟ್ಟಿಲ ಮೇಲೆ ನಿಂತು ಶಾಲು ಹೊದ್ದುಕೊಳ್ಳುತ್ತ ಸದ್ದಿಲ್ಲದ ರಸ್ತೆಯ ಕಡೆ ಬಲಗಿವಿ ತಿರುಗಿಸಿದರು.

"ಇಪ್ಪತ್ತೆಂಟು ವರ್ಷದಾಗ ಲೈನ್ ಕೆಟ್ಟಿದ್ದಾಗ ಚಲೋ ಅದ ಅಂತ ಯಾರಿಗೂ ಹೇಳಿಲ್ರೀ. ಇವತ್ತೂ ಹೇಳ್ಲಿಲ್ಲ."