ಹಮೀದಣ್ಣನ ಕುತ್ತಿಗೆ

ಕುವೈತಿನ ಕ್ಲಿನಿಕ್‌ನಲ್ಲಿ ಮೊದಲ ದಿನ ನನಗೆ ಕೊಟ್ಟ ಬಿಳಿ ಕೋಟಿನ ಮೇಲೆ ಬೇರೆಯವಳ ಹೆಸರಿತ್ತು. ಕೆಲಸ ಬಿಟ್ಟು ಹೋದ ಡಾಕ್ಟರದು. ನಿನ್ನ ಲೈಸೆನ್ಸ್ ಬರುವ ತನಕ ಯಾರಾದರೂ ಆ ಹೆಸರು ಹಿಡಿದು ಕರೆದರೆ ಓಗೊಡು ಎಂದರು ಮ್ಯಾನೇಜರು. ಏಳು ತಿಂಗಳಾದರೂ ಅದು ಬರಲಿಲ್ಲ.

ನಾನು ಕಲಿತದ್ದು ಕೈರೋಪ್ರಾಕ್ಟಿಕ್, ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ವಿದ್ಯೆ. ಮಂಗಳೂರಿನಿಂದ ಕೌಲಾಲಂಪುರಕ್ಕೆ ಹೋಗಿ ನಾಲ್ಕು ವರ್ಷ ಓದಿದೆ. ಬೆರಳು ಸೂಕ್ಷ್ಮವಾಗಲೆಂದು ಹಾಳೆಗಳಡಿ ಒಂದು ಕೂದಲಿಟ್ಟು, ಕಣ್ಣು ಮುಚ್ಚಿಸಿ, ಬೆರಳಿನಿಂದ ಹುಡುಕಿಸುತ್ತಿದ್ದರು. ಹಾಳೆ ಹೆಚ್ಚಿದಂತೆ ಅಳು ಬರುತ್ತಿತ್ತು. ಕುತ್ತಿಗೆ ತಿರುಗಿಸುವುದನ್ನು ಯಾರು ಬೇಕಾದರೂ ಕಲಿಯಬಹುದು, ಯಾವುದನ್ನು ತಿರುಗಿಸಬಾರದು ಎಂಬುದನ್ನು ಕಲಿಯಿರಿ ಎನ್ನುತ್ತಿದ್ದರು ನಮ್ಮ ಮೇಡಂ.

ಅಲ್ಲಿ ರೋಗಿಯನ್ನು ಪ್ರಶ್ನಿಸಲಿಕ್ಕೇ ಒಂದು ಗಂಟೆ. ಇಲ್ಲಿ ಬಾಗಿಲಾಚೆಯಿಂದ 'ಯಲ್ಲಾ, ಯಲ್ಲಾ', ಬೇಗ ಬೇಗ. ಕೆಲಸ ಮುಗಿಸಿದರೆ ಬ್ನೇದ್ ಅಲ್ ಗಾರ್ ಬಡಾವಣೆಯ ಕೋಣೆಯಲ್ಲಿ ಮೂವರು ನರ್ಸ್‌ಗಳ ನಡುವೆ ಪರದೆ ಕಟ್ಟಿದ ನನ್ನ ಮಂಚ, ಮೊಸರಿಗೆ ಅದ್ದಿ ತಿನ್ನುವ ಖುಬೂಸ್ ರೊಟ್ಟಿ. ಫೋನಿನಲ್ಲಿ ಅಮ್ಮನಿಗೆ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ.

ಒಂದು ದಿನ ಹಮೀದಣ್ಣ ಬಂದರು. ಬಂಟ್ವಾಳದ ಬ್ಯಾರಿ, ಶುಐಬಾ ಕೈಗಾರಿಕಾ ಪ್ರದೇಶದ ಪ್ಲಾಂಟಿನಲ್ಲಿ ಫಿಟ್ಟರ್. ನನ್ನ ಕನ್ನಡ ಕೇಳಿ ಅವರ ಮುಖ ಅರಳಿತು.

"ಕುತ್ತಿಗೆ ಒಮ್ಮೆ ಲಟಕ್ ಅಂತ ತೆಗ್ದುಬಿಡಿ ಡಾಕ್ಟ್ರೇ. ನಾಳೆ ಡ್ಯೂಟಿಗೆ ಹೋಗ್ಲಿಕ್ಕುಂಟು."

ಅಂಗಿಯ ಗುಂಡಿ ಬಿಚ್ಚಲು ಅವರ ಬೆರಳಿಗೆ ಆಗಲಿಲ್ಲ. ನಡೆಸಿ ನೋಡಿದೆ, ಹೆಜ್ಜೆ ತಡವರಿಸಿತು. ಮೊಣಕಾಲಿಗೆ ಸಣ್ಣ ಸುತ್ತಿಗೆ ತಾಗಿಸಿದರೆ ಕಾಲು ರಪ್ಪನೆ ಒದ್ದಿತು. ಕುತ್ತಿಗೆಯೊಳಗೆ ನರದ ಹುರಿಯೇ ಒತ್ತಿಹೋಗಿರಬೇಕು. ತಿರುಗಿಸಿದರೆ ಮನುಷ್ಯ ಮತ್ತೆ ಏಳದಿರಬಹುದು.

ಇವರನ್ನು ಆಸ್ಪತ್ರೆಗೆ ಕಳಿಸಿ ಎಂದು ಬಾಗಿಲಲ್ಲಿದ್ದ ಮ್ಯಾನೇಜರಿಗೆ ಹೇಳಿದೆ. ಅವರು ನನ್ನನ್ನು ಹೊರಗೆ ಕರೆದು, ಮಾಡದಿದ್ದರೆ ಇಂದಿಗೇ ಖಲಾಸ್, ನಿನ್ನ ಕತೆ ಮುಗಿಯಿತು ಎಂದರು. ನನ್ನ ಇಕಾಮಾ, ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಕ್ಲಿನಿಕ್ ಮಾಲೀಕನ ಕೈಯಲ್ಲಿತ್ತು. ಆಮೇಲೆ ಒಳಗೆ ಬಂದೆ.

"ಅಣ್ಣ, ಈ ಕೋಟಿನಲ್ಲಿ ಹೆಸರಿರುವ ಡಾಕ್ಟರ್ ನಾನಲ್ಲ. ನನಗೆ ಲೈಸೆನ್ಸ್ ಇಲ್ಲ. ಆದ್ರೆ ಇದೊಂದು ಮಾತು ಕೇಳಿ. ಯಾರ ಹತ್ರವೂ ಕುತ್ತಿಗೆ ತಿರುಗಿಸಿಕೊಳ್ಬೇಡಿ."

ಅವರು "ಬರ್ದು ಕೊಡಿ" ಎಂದರು. ಕಂಡದ್ದನ್ನೆಲ್ಲ ಬರೆದು, ಕೆಳಗೆ ನನ್ನದೇ ಹೆಸರು ಹಾಕಿದೆ.

ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋದ ಅವರಿಗೆ ಆ ವಾರವೇ ಆಪರೇಷನ್ ಆಯಿತು. ಈಗ ಕೋಲು ಹಿಡಿದು ನಡೆಯುತ್ತಾರಂತೆ.

ನನ್ನನ್ನು ಚೀಟಿ ಬರೆದ ದಿನವೇ ಕೆಲಸದಿಂದ ತೆಗೆದರು. ಈಗ ಕುವೈತಿನದೇ ರಿಗ್ಗೈಯಲ್ಲಿ, ದೊಡ್ಡಮ್ಮನ ಮಗಳಾದ ಅಕ್ಕನ ಮನೆಯಲ್ಲಿದ್ದೇನೆ. ಬೇರೆ ಕಫೀಲ್, ಅಂದರೆ ನನ್ನ ಹೊಣೆ ಹೊರುವ ಮಾಲೀಕ, ಸಿಕ್ಕಿಲ್ಲ. ಊರಿನಲ್ಲಿ ನನ್ನ ಓದನ್ನು ಯಾವ ಆಸ್ಪತ್ರೆಯೂ ಒಪ್ಪುವುದಿಲ್ಲ. ಮಲೇಷ್ಯಾದ ವೀಸಾ ಮುಗಿದು ಎಷ್ಟೋ ಕಾಲವಾಯಿತು. ಇಕಾಮಾ ಮುಗಿಯಲು ಇನ್ನು ಒಂಬತ್ತು ದಿನ ಉಳಿದಿದೆ.

ನಿನ್ನೆ ಅಕ್ಕ ಮೊಬೈಲ್ ಹಿಡಿದುಕೊಂಡು ಬಂದು, ಟಿಕೆಟ್ ಮಾಡಲೇ ಎಂದು ಕೇಳಿದಳು.

"ಎಲ್ಲಿಗೆ?" ಎಂದೆ. ತಮಾಷೆ ಎಂದುಕೊಂಡು ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಪಕ್ಕದಲ್ಲಿ ಕುಳಿತಳು.